ಮನೆಯಲ್ಲಿ ಡೇ ಕೇರ್ ನಡೆಸಲು ಲೈಸೆನ್ಸ್: ಮೊದಲು ಮಕ್ಕಳನ್ನು ಎಣಿಸಿ, ಆಮೇಲೆ ಅರ್ಜಿ ತುಂಬಿ

ಮನೆಯಲ್ಲಿ ಡೇ ಕೇರ್ ಶುರುಮಾಡಬೇಕೆಂದವರು ಸಾಮಾನ್ಯವಾಗಿ ಗೋಡೆಯ ಬಣ್ಣ, ಆಟಿಕೆ, ಪುಟ್ಟ ಮೇಜು ಕುರ್ಚಿಗಳಿಗೆ ಮೊದಲು ಕೈ ಹಾಕುತ್ತಾರೆ. ಲೈಸೆನ್ಸ್ ಕೊಡುವ ಇಲಾಖೆಗೆ ಇವು ಯಾವುವೂ ಮೊದಲ ಪ್ರಶ್ನೆಯಲ್ಲ. ಒಂದೇ ಹೊತ್ತಿನಲ್ಲಿ ಎಷ್ಟು ಮಕ್ಕಳಿರುತ್ತಾರೆ, ಅವರ ವಯಸ್ಸೆಷ್ಟು, ಆ ಮನೆಯಲ್ಲಿ ಇನ್ನು ಯಾರು ಯಾರು ಇದ್ದಾರೆ ಎಂದು ಅದು ಕೇಳುತ್ತದೆ. ಯಾವ ಬಗೆಯ ಲೈಸೆನ್ಸ್, ಎಷ್ಟು ತರಬೇತಿ, ಸಹಾಯಕರು ಬೇಕೇ, ಅಗ್ನಿಶಾಮಕದವರು ಬಂದು ನೋಡಬೇಕೇ ಎಂಬುದೆಲ್ಲ ಈ ಮೂರು ಉತ್ತರಗಳ ಮೇಲೆ ನಿಂತಿದೆ. ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಒಂದು ಹಾಳೆ ತೆಗೆದುಕೊಂಡು ಎಣಿಸಲು ಕೂರಿ.

ಎಣಿಕೆ

ಲೈಸೆನ್ಸ್ ಬೇಕೇ ಬೇಡವೇ ಎಂಬುದೂ ಎಣಿಕೆಯಿಂದಲೇ ತೀರ್ಮಾನವಾಗುತ್ತದೆ. ಮಿತಿಗಳು ಜಾಗದಿಂದ ಜಾಗಕ್ಕೆ ತೀರ ಬೇರೆ. ಇಂಗ್ಲೆಂಡಿನಲ್ಲಿ ಬೇರೆಯವರ 8 ವರ್ಷದೊಳಗಿನ ಒಂದೇ ಒಂದು ಮಗುವನ್ನು ಹಣ ಪಡೆದು ನಿಮ್ಮ ಮನೆಯಲ್ಲಿ ದಿನಕ್ಕೆ 2 ಗಂಟೆಗಿಂತ ಹೆಚ್ಚು ನೋಡಿಕೊಂಡರೂ ಸಾಮಾನ್ಯವಾಗಿ ಆಫ್‌ಸ್ಟೆಡ್‌ನಲ್ಲಿ (ಶಾಲೆ, ಶಿಶುಪಾಲನೆಗಳನ್ನು ತಪಾಸಣೆ ಮಾಡುವ ಅಲ್ಲಿನ ಸರ್ಕಾರಿ ಸಂಸ್ಥೆ) ಅಥವಾ ಚೈಲ್ಡ್‌ಮೈಂಡರ್‌ಗಳನ್ನು, ಅಂದರೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನು, ನೋಂದಾಯಿಸುವ ಏಜೆನ್ಸಿಯೊಂದರಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಕೆನಡಾದ ಒಂಟಾರಿಯೊದಲ್ಲಿ 13 ವರ್ಷದೊಳಗಿನ 5 ಮಕ್ಕಳವರೆಗೆ ಲೈಸೆನ್ಸ್ ಇಲ್ಲದೆ ನೋಡಿಕೊಳ್ಳಬಹುದು. ಲೈಸೆನ್ಸ್ ಪಡೆದ ಏಜೆನ್ಸಿಯ ಅಡಿಯಲ್ಲಿ ಸೇರಿಕೊಂಡರೆ ಅದು 6 ಆಗುತ್ತದೆ. ಎರಡರಲ್ಲೂ 2 ವರ್ಷದೊಳಗಿನವರು 3ಕ್ಕಿಂತ ಹೆಚ್ಚಿರುವಂತಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಮೂರು ಹಂತಗಳಿವೆ. 3 ಮಕ್ಕಳವರೆಗಿನ ಮನೆ ಪಟ್ಟಿಯಲ್ಲಿ ಹೆಸರು ಬರೆಸಿದರೆ ಸಾಕು. 6 ಮಕ್ಕಳ ಮನೆ ನೋಂದಣಿ ಮಾಡಿಸಬೇಕು, ಅದಕ್ಕೆ ಶಾಲೆ ಬಿಟ್ಟ ಮೇಲೆ ಬರುವ ಇನ್ನೂ 6 ಮಕ್ಕಳನ್ನು ಸೇರಿಸಿಕೊಳ್ಳಲು ಅವಕಾಶವಿದೆ. 7ರಿಂದ 12 ಮಕ್ಕಳ ಮನೆಗೆ ಪೂರ್ಣ ಲೈಸೆನ್ಸ್ ಬೇಕು. ಇಂಥ ಮೆಟ್ಟಿಲುಗಳಿದ್ದಲ್ಲಿ ಕೆಳಗಿನ ಮೆಟ್ಟಿಲಿನಿಂದಲೇ ಶುರುಮಾಡುವುದು ಲೇಸು. ಮೇಲಿನ ಮೆಟ್ಟಿಲಿಗೆ ಬೇಕಾದ ತರಬೇತಿ, ಸಿಬ್ಬಂದಿ, ಕಾಗದಪತ್ರ ಒಮ್ಮೆಗೇ ಮೈಮೇಲೆ ಬಿದ್ದರೆ ಮೊದಲ ವರ್ಷವೇ ಏದುಸಿರು ಬರುತ್ತದೆ.

ಒಟ್ಟು ಸಂಖ್ಯೆಯೊಳಗೆ ವಯಸ್ಸಿನ ಇನ್ನೊಂದು ಲೆಕ್ಕವಿದೆ, ಹೆಚ್ಚಿನವರು ಎಡವುವುದು ಅಲ್ಲೇ. ಕ್ಯಾಲಿಫೋರ್ನಿಯಾದ ಚಿಕ್ಕ ಡೇ ಕೇರ್ ಮನೆಯನ್ನು ನೋಡಿ. ಬರೀ ಹಸುಗೂಸುಗಳಾದರೆ, ಅಂದರೆ 2 ವರ್ಷದೊಳಗಿನವರಾದರೆ, 4 ಮಾತ್ರ. ಬೇರೆ ಬೇರೆ ವಯಸ್ಸಿನವರಾದರೆ 6, ಅದರಲ್ಲಿ ಹಸುಗೂಸುಗಳು 3 ಮೀರಬಾರದು. 8ಕ್ಕೆ ಏರಿಸಬೇಕಾದರೆ ಹಸುಗೂಸುಗಳು 2ಕ್ಕೆ ಇಳಿಯಬೇಕು ಮತ್ತು ಶಾಲೆಗೆ ಹೋಗುವ ವಯಸ್ಸಿನ ಇಬ್ಬರಾದರೂ ಇರಬೇಕು. ಇಂಗ್ಲೆಂಡಿನಲ್ಲಿ 8 ವರ್ಷದೊಳಗಿನವರು 6, ಅವರಲ್ಲಿ ಸುಮಾರು 5 ವರ್ಷದೊಳಗಿನ ಎಳೆಯರು 3, ಅವರಲ್ಲಿ 1 ವರ್ಷ ತುಂಬದ ಕೂಸು 1. ಆಸ್ಟ್ರೇಲಿಯಾದ ಫ್ಯಾಮಿಲಿ ಡೇ ಕೇರ್‌ನಲ್ಲಿ, ಅಂದರೆ ಮನೆಯಲ್ಲಿ ನಡೆಸುವ ಡೇ ಕೇರ್‌ನಲ್ಲಿ, ನೋಡಿಕೊಳ್ಳುವ ಒಬ್ಬರಿಗೆ 7 ಮಕ್ಕಳು, ಶಾಲೆಗೆ ಸೇರದವರು 4ರೊಳಗೆ. ಈ ಒಳಲೆಕ್ಕಕ್ಕೆ ಕಾರಣ ಸರಳ: ಬೆಂಕಿ ಬಿದ್ದರೆ ನಡೆಯಲಾರದ ಕೂಸುಗಳನ್ನು ನೀವೊಬ್ಬರೇ ಎರಡು ಕೈಯಲ್ಲಿ ಎತ್ತಿಕೊಂಡು ಓಡಬೇಕು.

ನಿಮ್ಮದೇ ಮಕ್ಕಳು ಎಣಿಕೆಗೆ ಬರುತ್ತಾರೆಯೇ? ಹೆಚ್ಚಿನ ಕಡೆ ಬರುತ್ತಾರೆ, ಆದರೆ ಯಾವ ವಯಸ್ಸಿನವರೆಗೆ ಎಂಬುದು ಬೇರೆ ಬೇರೆ. ಮನೆಯಲ್ಲಿ 3 ಮತ್ತು 9 ವರ್ಷದ ಇಬ್ಬರಿದ್ದಾರೆ ಎನ್ನೋಣ. ಕ್ಯಾಲಿಫೋರ್ನಿಯಾದಲ್ಲಿ ಮನೆಯ 10 ವರ್ಷದೊಳಗಿನವರೆಲ್ಲ ಲೆಕ್ಕಕ್ಕೆ ಬರುವುದರಿಂದ ಇಬ್ಬರೂ ಸೇರುತ್ತಾರೆ, 6ರ ಮಿತಿಯಲ್ಲಿ ನಿಮಗೆ ಉಳಿಯುವುದು 4 ಜಾಗ. ಒಂಟಾರಿಯೊದಲ್ಲಿ 4 ವರ್ಷದೊಳಗಿನ ಸ್ವಂತ ಮಕ್ಕಳು ಮಾತ್ರ ಸೇರುತ್ತಾರೆ, ಆದ್ದರಿಂದ ಚಿಕ್ಕವನೊಬ್ಬನೇ. ಆಸ್ಟ್ರೇಲಿಯಾದಲ್ಲಿ 13 ವರ್ಷದೊಳಗಿನ ಸ್ವಂತ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬ ದೊಡ್ಡವರು ಮನೆಯಲ್ಲಿದ್ದರೆ ಬಿಡುತ್ತಾರೆ, ಇಲ್ಲದಿದ್ದರೆ ಇಬ್ಬರೂ ಲೆಕ್ಕಕ್ಕೆ. ನಿಮ್ಮ ಸಂಪಾದನೆಯ ಅಂದಾಜು ಪೂರಾ ಈ ಒಂದು ಸಾಲಿನ ಮೇಲೆ ನಿಂತಿರುವುದರಿಂದ ನಿಮ್ಮ ಊರಿನ ನಿಯಮದಲ್ಲಿ ಈ ಸಾಲನ್ನು ನೀವೇ ಹುಡುಕಿ ಓದಿ. ಪಕ್ಕದ ಮನೆಯವರ ಬಾಯಿಮಾತು ನಂಬಬೇಡಿ.

ಈಗ ಹಾಳೆಯಲ್ಲಿ ವಾರದ ಏಳು ದಿನಗಳನ್ನೂ ಅರ್ಧ ಅರ್ಧ ಗಂಟೆಯ ಮನೆಗಳಾಗಿ ಗೆರೆ ಹಾಕಿ. ಪ್ರತಿ ಮಗು ಬರುವ, ಹೋಗುವ ಹೊತ್ತನ್ನು ತುಂಬಿ. ಶಾಲೆಗೆ ರಜೆ ಇರುವ ದಿನಗಳಿಗೆ ಇನ್ನೊಂದು ಹಾಳೆ ಮಾಡಿ, ಏಕೆಂದರೆ ಅಂದು ನಿಮ್ಮ ಮಕ್ಕಳು, ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳು ಎಲ್ಲರೂ ಬೆಳಗ್ಗೆಯಿಂದಲೇ ಇರುತ್ತಾರೆ. ಮಿತಿ ಮೀರುವುದು ಹೆಚ್ಚಾಗಿ ಮಧ್ಯಾಹ್ನದ ಅದಲುಬದಲಿನ ಹೊತ್ತಿನಲ್ಲಿ. ಬೆಳಗಿನ ಮಗುವಿನ ತಾಯಿ ಕಾಲು ಗಂಟೆ ತಡವಾದರು, ಮಧ್ಯಾಹ್ನದ ಮಗು ಆಗಲೇ ಬಂದಾಯಿತು ಎಂದರೆ ಆ ಕಾಲು ಗಂಟೆ ನೀವು ನಿಯಮ ಮುರಿದಂತೆಯೇ. "ಒಂದೇ ಹೊತ್ತಿನಲ್ಲಿ" ಎಂದರೆ ಇಲಾಖೆಗೆ ಆ ಕ್ಷಣ, ದಿನದ ಸರಾಸರಿಯಲ್ಲ. ಅದಲುಬದಲಿನ ನಡುವೆ ಅರ್ಧ ಗಂಟೆ ಖಾಲಿ ಬಿಡಿ, ಇಲ್ಲವೇ ಒಂದು ಜಾಗವನ್ನು ತುಂಬದೆ ಇಟ್ಟುಕೊಳ್ಳಿ.

ಮನೆಗೆ ಬೇಕಾದ ಒಪ್ಪಿಗೆ

ಮಕ್ಕಳ ಪಾಲನೆಯ ಲೈಸೆನ್ಸ್ ಒಂದು ಇಲಾಖೆಯದು, ಮನೆಯಲ್ಲಿ ವ್ಯವಹಾರ ನಡೆಸಲು ಒಪ್ಪಿಗೆ ಇನ್ನೊಬ್ಬರದು. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಸಿಗುವುದಿಲ್ಲ. ಬಾಡಿಗೆ ಮನೆಯಾದರೆ ಕರಾರಿನಲ್ಲಿ "ವಾಸಕ್ಕೆ ಮಾತ್ರ" ಎಂದಿದೆಯೇ ನೋಡಿ, ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ ಸಂಘದ ನಿಯಮಾವಳಿ ಓದಿ. ಸ್ಥಳೀಯ ಆಡಳಿತದಲ್ಲಿ ವಾಸದ ಬಡಾವಣೆಯಲ್ಲಿ ಡೇ ಕೇರ್‌ಗೆ ಅವಕಾಶವಿದೆಯೇ, ಫಲಕ ಹಾಕಬಹುದೇ, ವಾಹನ ನಿಲ್ಲಿಸಲು ಜಾಗ ತೋರಿಸಬೇಕೇ ಎಂದು ಕೇಳಿ. ಕ್ಯಾಲಿಫೋರ್ನಿಯಾದಂತೆ 2020ರಿಂದ ದೊಡ್ಡ ಡೇ ಕೇರ್ ಮನೆಯನ್ನೂ ವಾಸದ ಮನೆಯೆಂದೇ ಪರಿಗಣಿಸುವ ಕಾನೂನು ಇರುವ ಕಡೆ ಈ ಹಂತ ಹಗುರ. ಅದಿಲ್ಲದ ಕಡೆ ನೆರೆಯವರ ಒಂದು ದೂರು ಸಾಕು, ಕೈಯಲ್ಲಿ ಲೈಸೆನ್ಸ್ ಇದ್ದರೂ ಬಾಗಿಲು ಮುಚ್ಚಬೇಕಾಗುತ್ತದೆ.

ವಿಮೆಯನ್ನೂ ಈಗಲೇ ವಿಚಾರಿಸಿ. ಸಾಮಾನ್ಯ ಮನೆ ವಿಮೆಗಳಲ್ಲಿ ವ್ಯವಹಾರದಿಂದಾದ ಅಪಘಾತಗಳನ್ನು ಹೊರಗಿಟ್ಟಿರುತ್ತಾರೆ. ಡೇ ಕೇರ್ ನಡೆಸುತ್ತಿರುವುದನ್ನು ತಿಳಿಸದೆ ಇದ್ದರೆ ಮನೆಗೆ ಸಂಬಂಧಿಸಿದ ಬೇರೆ ಪರಿಹಾರವನ್ನೂ ನಿರಾಕರಿಸಬಹುದು. ಮಕ್ಕಳಿಗೆ ಗಾಯವಾದರೆ ಹೊಣೆ ಹೊರುವ ಪಾಲಿಸಿ ಬೇರೆಯೇ ಇದೆ. ಇಂಗ್ಲೆಂಡಿನಲ್ಲಿ ಅದು ಕಡ್ಡಾಯ, ಕಡ್ಡಾಯವಲ್ಲದ ಕಡೆಯೂ ಅದಿಲ್ಲದೆ ಒಂದು ಮಗುವನ್ನೂ ಒಳಗೆ ಕರೆದುಕೊಳ್ಳಬೇಡಿ.

ಮನೆಯಲ್ಲಿರುವವರು

ಪೊಲೀಸ್ ಪರಿಶೀಲನೆ ನಿಮ್ಮೊಬ್ಬರದಲ್ಲ. ಇಂಗ್ಲೆಂಡಿನಲ್ಲಿ ಆ ಮನೆಯಲ್ಲಿ ವಾಸಿಸುವ, ಕೆಲಸ ಮಾಡುವ 16 ವರ್ಷ ಮೇಲ್ಪಟ್ಟ ಎಲ್ಲರದು, ಕ್ಯಾಲಿಫೋರ್ನಿಯಾದಲ್ಲಿ 18 ತುಂಬಿದ ಎಲ್ಲರ ಬೆರಳಚ್ಚು. ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿ, ವರ್ಷಕ್ಕೆ ಕೆಲವು ತಿಂಗಳು ಬಂದಿರುವ ಅತ್ತೆ ಮಾವ, ಕಾಲೇಜಿನಿಂದ ರಜೆಗೆ ಬರುವ ಮಗ, ಇವರ ಹೆಸರು ಬಿಟ್ಟರೆ ಅದು ಮರೆವು ಎಂದಲ್ಲ, ಮುಚ್ಚಿಟ್ಟದ್ದು ಎಂದೇ ದಾಖಲಾಗುವ ಅಪಾಯವಿದೆ. ಅನುಮಾನವಿದ್ದರೆ ಹೆಸರು ಬರೆದು ಪಕ್ಕದಲ್ಲಿ "ವರ್ಷಕ್ಕೆ ಇಷ್ಟು ದಿನ ಇರುತ್ತಾರೆ" ಎಂದು ಸ್ಪಷ್ಟವಾಗಿ ತಿಳಿಸಿ.

ಇಡೀ ಅರ್ಜಿಯಲ್ಲಿ ಹೆಚ್ಚು ಕಾಯಿಸುವುದು ಇದೇ ಭಾಗ, ಆದ್ದರಿಂದ ಇದನ್ನೇ ಮೊದಲು ಹಾಕಿ. ತಡವಾಗಲು ಮಾಮೂಲಿ ಕಾರಣಗಳು ಎರಡು. ಒಂದು, ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುವುದು. ಮದುವೆಗೆ ಮುಂಚಿನ ಹೆಸರು, ಇನಿಷಿಯಲ್ ಬಿಡಿಸಿದ ಹೆಸರು, ಕಾಗುಣಿತದ ವ್ಯತ್ಯಾಸ, ಹಳೆಯ ವಿಳಾಸ, ಯಾವುದನ್ನೂ ಬಿಡದೆ ಅರ್ಜಿಯಲ್ಲಿ ಬರೆಯಿರಿ. ಎರಡು, ಬೇರೆ ದೇಶದಲ್ಲಿ ವಾಸವಿದ್ದವರಿಗೆ ಆ ದೇಶದ ಪೊಲೀಸ್ ಪ್ರಮಾಣಪತ್ರ ಬೇಕಾಗುವುದು. ಅದು ಬರಲು ವಾರಗಳು ಹಿಡಿಯುತ್ತವೆ, ಅನುವಾದ ಮಾಡಿಸಬೇಕಾಗಲೂಬಹುದು.

ಇದರ ಜೊತೆಗೆ ಆರೋಗ್ಯ ಪತ್ರ. ಕ್ಷಯರೋಗ ಇಲ್ಲವೆಂಬ ಪರೀಕ್ಷೆ, ದಡಾರ, ನಾಯಿಕೆಮ್ಮಿನ ಲಸಿಕೆಯ ದಾಖಲೆ ಕೇಳುವ ಕಡೆಗಳಿವೆ. ನಿಮ್ಮ ಬಾಲ್ಯದ ಲಸಿಕೆ ಚೀಟಿ ಕಳೆದುಹೋಗಿದ್ದರೆ ರೋಗನಿರೋಧಕ ಶಕ್ತಿ ತೋರಿಸುವ ರಕ್ತಪರೀಕ್ಷೆಯನ್ನು ಒಪ್ಪುತ್ತಾರೆಯೇ ಎಂದು ಕೇಳಿ ನೋಡಿ.

ತರಬೇತಿ

ಯಾವ ಕೋರ್ಸಿಗೆ ಸೇರುವ ಮೊದಲೂ ಇಲಾಖೆ ಒಪ್ಪಿರುವ ಕೋರ್ಸ್‌ಗಳ ಪಟ್ಟಿ ನೋಡಿ. ಬೇಕಾದದ್ದು ಮಕ್ಕಳ ಪ್ರಥಮ ಚಿಕಿತ್ಸೆ ಮತ್ತು ಮಕ್ಕಳ ಸಿಪಿಆರ್ (ಉಸಿರು, ಎದೆಬಡಿತ ನಿಂತಾಗ ಎದೆ ಒತ್ತಿ ಉಸಿರು ಕೊಡುವ ತುರ್ತು ಚಿಕಿತ್ಸೆ). ದೊಡ್ಡವರ ಸಿಪಿಆರ್ ಪ್ರಮಾಣಪತ್ರ ಹಿಡಿದು ಹೋದರೆ ನಡೆಯುವುದಿಲ್ಲ, ಏಕೆಂದರೆ ಕೂಸಿಗೆ ಎದೆ ಒತ್ತುವ ಬಗೆ, ಗಂಟಲಿಗೆ ಸಿಕ್ಕಿದ್ದನ್ನು ಹೊರಹಾಕಿಸುವ ಬಗೆ ಬೇರೆ. ಪೂರ್ತಿ ಆನ್‌ಲೈನ್ ಕೋರ್ಸಿಗೂ ಹಲವು ಕಡೆ ಬೆಲೆಯಿಲ್ಲ, ಗೊಂಬೆಯ ಮೇಲೆ ಕೈಯಾರೆ ಮಾಡಿ ತೋರಿಸಬೇಕು. ಇಂಗ್ಲೆಂಡಿನಲ್ಲಿ ಪೂರ್ಣ ಕೋರ್ಸ್ ಕನಿಷ್ಠ 12 ಗಂಟೆ, 3 ವರ್ಷಕ್ಕೊಮ್ಮೆ ಹೊಸದು. ಸಹಾಯಕರನ್ನು ಇಟ್ಟುಕೊಂಡು ನೀವು ಹೊರಗೆ ಹೋಗುವ ಇರಾದೆ ಇದ್ದರೆ ಅವರಿಗೂ ಈ ಪ್ರಮಾಣಪತ್ರ ಮಾಡಿಸಿ. ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸಿ ವರದಿ ಮಾಡುವ ತರಬೇತಿಯನ್ನು ಅವಸರದಲ್ಲಿ ಮುಗಿಸಬೇಡಿ. ಅನುಮಾನ ಬಂದಾಗ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಎಂಬುದು ಬಾಯಲ್ಲಿರಬೇಕು.

ಮನೆಯ ಸಿದ್ಧತೆ

ಅಳತೆಯಿಂದ ಆರಂಭಿಸಿ. ಇಂಗ್ಲೆಂಡಿನ ಲೆಕ್ಕದಲ್ಲಿ 2 ವರ್ಷದೊಳಗಿನ ಪ್ರತಿ ಮಗುವಿಗೆ 3.5 ಚದರ ಮೀಟರ್, 2 ವರ್ಷದವರಿಗೆ 2.5, 3ರಿಂದ 5 ವರ್ಷದವರಿಗೆ 2.3. ಅಮೆರಿಕದ ಹಲವು ರಾಜ್ಯಗಳಲ್ಲಿ ಒಳಗೆ ಮಗುವಿಗೆ 35 ಚದರ ಅಡಿ. ಅಳೆಯುವಾಗ ಮಕ್ಕಳು ನಿಜವಾಗಿ ಬಳಸುವ ಜಾಗವನ್ನೇ ಅಳೆಯಿರಿ. ಅಡುಗೆಮನೆ, ಬಚ್ಚಲು, ಓಡಾಡುವ ಪ್ಯಾಸೇಜು, ಬೀರು, ಸೋಫಾ ಹಿಡಿದ ಜಾಗಗಳನ್ನು ಕಳೆಯಬೇಕಾಗುತ್ತದೆ. 14 ಚದರ ಮೀಟರಿನ ಖಾಲಿ ಕೋಣೆಯಲ್ಲಿ ಜಾಗದ ಲೆಕ್ಕಕ್ಕೆ 3 ವರ್ಷದವರು 6 ಜನ ಹಿಡಿಸುತ್ತಾರೆ. ಆದರೆ ಎಳೆಯರ ಮಿತಿ 3 ಎಂದಿದ್ದರೆ ನಿಮ್ಮ ಸಂಖ್ಯೆ 3. ಜಾಗ, ವಯಸ್ಸು, ಒಟ್ಟು ಮಿತಿ ಈ ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಲೈಸೆನ್ಸಿನ ಸಂಖ್ಯೆ.

ಮಲಗುವ ಜಾಗವನ್ನು ತಪಾಸಣೆಗೆ ಬಂದವರು ಹೆಚ್ಚು ಹೊತ್ತು ನೋಡುತ್ತಾರೆ, ನೋಡಲೇಬೇಕು ಕೂಡ. ವರ್ಷದೊಳಗಿನ ಕೂಸನ್ನು ಪ್ರತಿ ಸಲವೂ ಬೆನ್ನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಬೇಕು. ದಿಂಬು, ರಜಾಯಿ, ಗೊಂಬೆ, ಅಂಚಿನ ಮೆತ್ತೆ ಯಾವುದೂ ಒಳಗಿರಬಾರದು. ಒಂದು ಕೂಸಿಗೆ ಒಂದು ತೊಟ್ಟಿಲು. ಕಾರ್ ಸೀಟು, ಉಯ್ಯಾಲೆ ಕುರ್ಚಿಗಳಲ್ಲಿ ನಿದ್ದೆಗೆ ಬಿಡಬಾರದು, ತಲೆ ಮುಂದಕ್ಕೆ ವಾಲಿದರೆ ಉಸಿರಿನ ದಾರಿ ಕಟ್ಟುತ್ತದೆ. ಸರಳುಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಬಂಧುಗಳು ಪ್ರೀತಿಯಿಂದ ಕೊಟ್ಟ ಹಳೆಯ ತೊಟ್ಟಿಲುಗಳ ಬಗ್ಗೆ ಎಚ್ಚರ. ಪಕ್ಕ ಕೆಳಗಿಳಿಯುವ ಬಗೆಯ ತೊಟ್ಟಿಲುಗಳನ್ನು ಅಮೆರಿಕ 2011ರಲ್ಲಿ ನಿಷೇಧಿಸಿತು, 2012ರ ಕೊನೆಯಿಂದ ಡೇ ಕೇರ್ ಮನೆಗಳಲ್ಲೂ ಅವುಗಳನ್ನು ಬಳಸುವಂತಿಲ್ಲ. ಅದಕ್ಕೆ ಕಾರಣ, ಪಕ್ಕದ ಪಟ್ಟಿ ಕಳಚಿದಾಗ ಉಂಟಾಗುವ ಸಂದಿನಲ್ಲಿ ಕೂಸು ಸಿಕ್ಕಿಹಾಕಿಕೊಳ್ಳುತ್ತದೆ. ಮಲಗಿದ ಕೂಸನ್ನು ನಿಗದಿತ ಅಂತರದಲ್ಲಿ ಹೋಗಿ ನೋಡಿ, ನೋಡಿದ ಹೊತ್ತನ್ನು ಬರೆದಿಡಿ. ಕ್ಯಾಮೆರಾ ಇದೆ ಎಂಬುದು ಅದಕ್ಕೆ ಬದಲಿಯಲ್ಲ.

ನೀರಿನಿಂದ ಎರಡು ಅಪಾಯ. ನಲ್ಲಿಯ ಬಿಸಿನೀರು 49 ಡಿಗ್ರಿ ಸೆಲ್ಸಿಯಸ್ ದಾಟದಂತೆ ಗೀಸರ್ ಇಳಿಸಿ, ಥರ್ಮಾಮೀಟರ್ ಹಿಡಿದು ನಲ್ಲಿಯ ಬಾಯಲ್ಲೇ ಅಳೆಯಿರಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಎಳೆಯ ಚರ್ಮವನ್ನು ಸುಡುತ್ತದೆ. ಗೀಸರಿನ ಗುಂಡಿಯ ಮೇಲಿನ ಅಂಕಿಗೂ ನಲ್ಲಿಯ ನೀರಿಗೂ ಹೊಂದಿಕೆ ಇಲ್ಲದಿರುವುದು ಸಾಮಾನ್ಯ. ಇನ್ನು ನಿಂತ ನೀರು: ಬಕೆಟ್ಟಿನ ತಳದಲ್ಲಿ 5 ಸೆಂಟಿಮೀಟರ್ ಇದ್ದರೂ ಕೂಸು ಮುಳುಗಬಹುದು. ಬಳಸಿದ ಕೂಡಲೆ ಬಕೆಟ್ಟು ಬೋರಲು ಹಾಕಿ, ಕಮೋಡಿನ ಮುಚ್ಚಳಕ್ಕೆ ಚಿಲಕ ಹಾಕಿ, ಸಂಪು ಬಾವಿಗಳಿಗೆ ಮಕ್ಕಳು ಎತ್ತಲಾರದ ಮುಚ್ಚಳ ಇರಲಿ. ಈಜುಕೊಳವಿದ್ದರೆ ಕ್ಯಾಲಿಫೋರ್ನಿಯಾದಲ್ಲಿ 5 ಅಡಿ ಬೇಲಿ, ತಾನೇ ಮುಚ್ಚಿಕೊಂಡು ತಾನೇ ಚಿಲಕ ಬೀಳುವ, ಕೊಳದಿಂದ ಹೊರಮುಖವಾಗಿ ತೆರೆಯುವ ಗೇಟು ಕೇಳುತ್ತಾರೆ.

ಬೆಂಕಿಯ ವಿಷಯದಲ್ಲಿ ಮಕ್ಕಳಿರುವ ಭಾಗದಿಂದ ಹೊರಹೋಗಲು ಎರಡು ದಾರಿ ತೋರಿಸಬೇಕು. ಎರಡನೆಯದು ಕಿಟಕಿಯಾದರೆ ಅದರ ಸರಳುಗಳು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು. ಕಳ್ಳರ ಭಯಕ್ಕೆ ಭದ್ರವಾಗಿ ಕೂಡಿಸಿದ ಸರಳು ಇಲ್ಲಿ ಅರ್ಜಿಯನ್ನೇ ನಿಲ್ಲಿಸಬಲ್ಲದು. ಹೊಗೆ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡನ್ನೂ ತಪಾಸಣೆಯ ದಿನ ಗುಂಡಿ ಒತ್ತಿ ನೋಡುತ್ತಾರೆ. ಬೆಂಕಿ ನಂದಿಸುವ ಸಿಲಿಂಡರ್ ಖರೀದಿಸುವ ಮೊದಲು ನಿಯಮದಲ್ಲಿರುವ ವರ್ಗ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2ಎ:10ಬಿಸಿ ಎಂದಿದೆ, ಅಡುಗೆಮನೆಗೆಂದು ಮಾರುವ ಪುಟ್ಟ ಡಬ್ಬಿ ಅದಕ್ಕಿಂತ ಕೆಳಗಿನದು. ಹೊರಹೋಗುವ ಕವಾಯತನ್ನು ಮಕ್ಕಳು ನಿದ್ದೆಯಲ್ಲಿರುವಾಗಲೂ ಒಮ್ಮೆ ಮಾಡಿ, ತಾರೀಖು, ಹಿಡಿದ ನಿಮಿಷ, ಮಕ್ಕಳ ಸಂಖ್ಯೆ ಬರೆದಿಡಿ.

ಉಳಿದದ್ದು ಮಂಡಿಯೂರಿ ನೋಡಿದರೆ ತಾನೇ ಕಾಣುತ್ತದೆ. ಮಗುವಿನ ಎತ್ತರಕ್ಕೆ ಬಗ್ಗಿ ಕೋಣೆಯಿಂದ ಕೋಣೆಗೆ ಹೋಗಿ. ಪ್ಲಗ್ಗುಗಳು, ನೇತಾಡುವ ಪರದೆ ಹಗ್ಗ, ಗೋಡೆಗೆ ಬಿಗಿಯದ ಬೀರು ಮತ್ತು ಟಿವಿ, ಮೆಟ್ಟಿಲಿನ ಮೇಲಕ್ಕೂ ಕೆಳಕ್ಕೂ ಗೇಟು, ಸೋಪಿನ ಪುಡಿ, ಫಿನಾಯಿಲ್, ಪರ್ಸಿನೊಳಗಿನ ಮಾತ್ರೆ. ಬಂದೂಕು ಇದ್ದರೆ ಬೀಗದಲ್ಲಿ, ಗುಂಡುಗಳು ಬೇರೆ ಬೀಗದಲ್ಲಿ. 3 ವರ್ಷದೊಳಗಿನವರ ಆಟಿಕೆಗೆ ಅಳತೆಯಿದೆ: 3.17 ಸೆಂಟಿಮೀಟರ್ ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಕೈಗೆ ಸಿಗಬಾರದು. ರಿಮೋಟಿನ ಗುಂಡಿ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಲು ಶುರುವಾಗಬಹುದು. ಅದಕ್ಕಾಗಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ರಿಮೋಟುಗಳನ್ನು ಡೇ ಕೇರ್ ಜಾಗದಿಂದ ಪೂರ್ತಿ ತೆಗೆದುಬಿಡಿ.

ಡಯಾಪರ್ ಬದಲಿಸುವ ಜಾಗ ಅಡುಗೆಯ ಕಡೆಗೆ ಇರಲೇಬಾರದು, ಕೈತೊಳೆಯುವ ನಲ್ಲಿ ಹತ್ತಿರವಿರಬೇಕು. ಆ ಮೇಲ್ಮೈಯನ್ನು ಮೊದಲು ಸೋಪಿನಿಂದ ತೊಳೆದು, ಆಮೇಲೆ ಸೋಂಕುನಾಶಕ ಹಾಕಿ, ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಬೇಕು. ಸಿಂಪಡಿಸಿ ಕೂಡಲೇ ಒರೆಸಿದರೆ ಅದು ಕೆಲಸ ಮಾಡುವುದಿಲ್ಲ. ಬಾಟಲಿ ಹಾಲಿನ ಮೇಲೆ ಹೆಸರು, ತಾರೀಖು ಬರೆಯಿರಿ. ಕಲಸಿದ ಪುಡಿಹಾಲನ್ನು ಕೂಸು ಬಾಯಿಟ್ಟು ಕುಡಿದ ಮೇಲೆ ಒಂದು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಫ್ರಿಜ್ಜಿಗೆ ಹಿಂದಿರುಗಿಸಬಾರದು.

ಕಡತ

ಮನೆಯಷ್ಟೇ ಗಂಭೀರವಾಗಿ ಕಾಗದವನ್ನೂ ತೆಗೆದುಕೊಳ್ಳಿ. ಪ್ರತಿ ಮಗುವಿಗೆ ಬೇರೆ ಫೈಲು ಮಾಡಿ, ಮಗು ಬರುವ ಮೊದಲ ದಿನಕ್ಕೆ ಮುಂಚೆ ಇವಿಷ್ಟು ತುಂಬಿರಲಿ:

- ಪ್ರವೇಶ ಅರ್ಜಿ, ತಂದೆ ತಾಯಿಯ ಸಹಿ ಇರುವ ಕರಾರು
- ತುರ್ತು ಕರೆಗೆ ಕನಿಷ್ಠ ಇಬ್ಬರ ಫೋನ್ ನಂಬರು, ವೈದ್ಯರ ನಂಬರು, ತುರ್ತು ಚಿಕಿತ್ಸೆಗೆ ಒಪ್ಪಿಗೆ
- ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿ, ಕರೆದೊಯ್ಯಬಾರದವರಿದ್ದರೆ ಕೋರ್ಟಿನ ಆದೇಶದ ಪ್ರತಿ
- ಲಸಿಕೆ ದಾಖಲೆ, ಅಲರ್ಜಿ, ನಡೆಯುತ್ತಿರುವ ಔಷಧಿ
- ಹೊರಗೆ ಕರೆದೊಯ್ಯಲು, ಫೋಟೊ ತೆಗೆಯಲು ಪ್ರತ್ಯೇಕ ಒಪ್ಪಿಗೆ

ಔಷಧಿ ಕೊಡುವುದಾದರೆ ಮಗುವಿನ ಹೆಸರಿರುವ ಮೂಲ ಡಬ್ಬಿಯಿಂದಲೇ, ಬರಹದ ಒಪ್ಪಿಗೆಯ ಮೇಲೆಯೇ. ಕೊಟ್ಟ ಹೊತ್ತು, ಪ್ರಮಾಣ, ನಿಮ್ಮ ಸಹಿ ಕೂಡಲೇ ಪುಸ್ತಕಕ್ಕೆ ಇಳಿಯಬೇಕು. ಬಿದ್ದು ಪೆಟ್ಟಾದರೆ ಎಷ್ಟೇ ಸಣ್ಣದಾದರೂ ಅಪಘಾತ ಪುಸ್ತಕದಲ್ಲಿ ಬರೆದು ಅಂದೇ ಪೋಷಕರ ಸಹಿ ತೆಗೆದುಕೊಳ್ಳಿ. ಮಗು ಬರುವಾಗಲೇ ಮೈಮೇಲೆ ಗಾಯ ಇದ್ದರೆ ಅದನ್ನೂ ಬರೆಯಿರಿ. ಹಾಜರಿ ಪುಸ್ತಕದಲ್ಲಿ ನಿಜವಾದ ಗಂಟೆ ನಿಮಿಷ ಬರೆಯಬೇಕು. ಬೆಳಗ್ಗೆಯೇ ಸಂಜೆಯ ಹೊತ್ತನ್ನೂ ತುಂಬಿಟ್ಟ ಪುಸ್ತಕ ಕಂಡರೆ ಅಧಿಕಾರಿ ಉಳಿದ ಪುಸ್ತಕಗಳನ್ನೂ ನಂಬುವುದಿಲ್ಲ. ಬೆಂಕಿ ಬಿದ್ದಾಗ ಹೊರಗೆ ನಿಂತು ತಲೆ ಎಣಿಸಲು ನಿಮ್ಮ ಕೈಯಲ್ಲಿರುವುದೂ ಅದೇ ಪುಸ್ತಕ.

ತಪಾಸಣೆಯ ದಿನ

ಬಂದವರು ಡೇ ಕೇರ್ ಕೋಣೆಯನ್ನಷ್ಟೇ ಅಲ್ಲ, ಇಡೀ ಮನೆ ನೋಡಬಹುದು. ಕೆಲವು ಕೋಣೆಗಳನ್ನು ಮಕ್ಕಳಿಗೆ ಮುಚ್ಚಿದ ಜಾಗ ಎಂದು ನಕ್ಷೆಯಲ್ಲಿ ಗುರುತಿಸಿದ್ದರೆ ಆ ಬಾಗಿಲಿಗೆ ಮಗುವಿನ ಕೈಗೆಟುಕದ ಚಿಲಕ ಆಗಲೇ ಇರಬೇಕು, "ಹಾಕಿಸುತ್ತೇವೆ" ಎಂಬ ಮಾತು ಸಾಲದು. ಪ್ರಶ್ನೆಗಳನ್ನೂ ಕೇಳುತ್ತಾರೆ: ಮಗುವಿಗೆ ಜ್ವರ ಬಂದರೆ ಏನು ಮಾಡುತ್ತೀರಿ, ಪಟ್ಟಿಯಲ್ಲಿಲ್ಲದ ಚಿಕ್ಕಪ್ಪ ಕರೆದೊಯ್ಯಲು ಬಂದರೆ ಏನು ಹೇಳುತ್ತೀರಿ, ನೀವೇ ಕುಸಿದು ಬಿದ್ದರೆ ಮಕ್ಕಳನ್ನು ಯಾರು ನೋಡುತ್ತಾರೆ. ಕೊನೆಯ ಪ್ರಶ್ನೆಗೆ ಪರಿಶೀಲನೆ ಮುಗಿದ, ಹತ್ತಿರದಲ್ಲೇ ಇರುವ ಒಬ್ಬರ ಹೆಸರು ಸಿದ್ಧವಿರಲಿ.

ಕೊರತೆ ತೋರಿಸಿದರೆ ವಾದ ಮಾಡುವ ಬದಲು ಯಾವ ನಿಯಮದ ಯಾವ ಕಲಂ, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂದು ಬರೆಸಿಕೊಳ್ಳಿ. ಸರಿಪಡಿಸಿದ ಮೇಲೆ ಫೋಟೊ, ರಸೀದಿ ಸಮೇತ ತಿಳಿಸಿ. ಲೈಸೆನ್ಸ್ ಕೈಗೆ ಬರುವ ತನಕ, ಲೈಸೆನ್ಸ್ ಇಲ್ಲದೆ ನೋಡಿಕೊಳ್ಳಬಹುದಾದ ಮಿತಿಗೆ ಮೀರಿ ಮಕ್ಕಳನ್ನು ಕರೆದುಕೊಳ್ಳಬೇಡಿ, ಮುಂಗಡ ತೆಗೆದುಕೊಂಡು ಆರಂಭದ ತಾರೀಖನ್ನು ಮಾತು ಕೊಡಬೇಡಿ. ಪೋಷಕರು ಆ ತಾರೀಖನ್ನು ನಂಬಿ ಕೆಲಸಕ್ಕೆ ಒಪ್ಪಿಕೊಂಡಿರುತ್ತಾರೆ.

ಸಿಕ್ಕ ಮೇಲೆ

ಲೈಸೆನ್ಸ್ ಸಾಮಾನ್ಯವಾಗಿ ಆ ವಿಳಾಸಕ್ಕೆ, ಆ ವ್ಯಕ್ತಿಗೆ ಕೊಟ್ಟದ್ದು. ಮನೆ ಬದಲಿಸಿದರೆ ಹೊಸ ಅರ್ಜಿ, ತಂಗಿಗೆ ವಹಿಸಿಕೊಟ್ಟರೂ ಹೊಸ ಅರ್ಜಿ. ಹೊಸಬರು ಮನೆಗೆ ವಾಸಕ್ಕೆ ಬಂದರೆ, ನಿಮ್ಮ ಮಕ್ಕಳಲ್ಲಿ ಒಬ್ಬರಿಗೆ ಪರಿಶೀಲನೆಯ ವಯಸ್ಸು ತುಂಬಿದರೆ, ಮನೆಗೆ ಕೋಣೆ ಸೇರಿಸಿದರೆ, ಮಗುವಿಗೆ ಆಸ್ಪತ್ರೆಗೆ ಸೇರಿಸುವಷ್ಟು ಪೆಟ್ಟಾದರೆ ಇಲಾಖೆಗೆ ಗಡುವಿನೊಳಗೆ ತಿಳಿಸಬೇಕು. ಗಡುವು ಘಟನೆಯನ್ನು ಅವಲಂಬಿಸಿ ಗಂಟೆಗಳ ಲೆಕ್ಕದಲ್ಲೂ ಇರಬಹುದು. ನಿಮ್ಮದೇ ಕೂಸು ಹುಟ್ಟಿದರೂ ಎಣಿಕೆ ಬದಲಾಗುತ್ತದೆ, ಆದ್ದರಿಂದ ಹೆರಿಗೆಗೆ ಮುಂಚೆಯೇ ವಾರದ ಹಾಳೆಯನ್ನು ಮತ್ತೆ ಬರೆದು ಯಾವ ಕುಟುಂಬಕ್ಕೆ ಜಾಗ ಇರುವುದಿಲ್ಲ ಎಂಬುದನ್ನು ಅವರಿಗೆ ತಿಂಗಳುಗಳ ಮೊದಲೇ ತಿಳಿಸಿ.

ಮುಂದಿನ ತಪಾಸಣೆಗಳು ಹೇಳದೆ ಕೇಳದೆ ಬರಬಹುದು. ಪ್ರಥಮ ಚಿಕಿತ್ಸೆ, ವಿಮೆ, ಬೆಂಕಿ ನಂದಿಸುವ ಸಿಲಿಂಡರಿನ ವಾರ್ಷಿಕ ಪರಿಶೀಲನೆ, ಲೈಸೆನ್ಸ್ ನವೀಕರಣ, ಇವುಗಳ ಕೊನೆಯ ತಾರೀಖುಗಳನ್ನು ಒಂದೇ ಹಾಳೆಯಲ್ಲಿ ಬರೆದು ಲೈಸೆನ್ಸಿನ ಪಕ್ಕದಲ್ಲೇ ಗೋಡೆಗೆ ಅಂಟಿಸಿ. ಪ್ರಥಮ ಚಿಕಿತ್ಸೆಯ ಕೋರ್ಸಿಗೆ ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಹೆಸರು ಕೊಡಿ, ಜಾಗ ತುಂಬಿಹೋಗಿದ್ದರೆ ಮುಂದಿನ ತಂಡಕ್ಕೆ ಕಾಯಲು ಆಗಲೂ ಸಮಯವಿರುತ್ತದೆ.